ಮೊದಲ ಟೂರ್ನಮೆಂಟ್: ಮೂರಕ್ಕೆ ಮೂರೂ ಸೋತೆ, ಎರಡನೇ ಆಟದ ಉರಿ ಇನ್ನೂ ಆರಿಲ್ಲ

ತಿಪಟೂರು_ಓವರ್‌ಲಾರ್ಡ್

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಬರೆಯದೆ ಇರಲು ಆಗಲಿಲ್ಲ.

ಊರು ತಿಪಟೂರು, ಈಗ ಇರೋದು ಇಂಗ್ಲೆಂಡಿನ ಡರ್ಬಿಯಲ್ಲಿ. ಒಂದೂವರೆ ವರ್ಷದ ಹಿಂದೆ ಆಫೀಸಿನ ಗೆಳೆಯನೊಬ್ಬ ನಾಟಿಂಗ್‌ಹ್ಯಾಮ್‌ನ ವಾರ್‌ಹ್ಯಾಮರ್ ವರ್ಲ್ಡ್‌ಗೆ ಕರೆದುಕೊಂಡು ಹೋದ. ಅಂಗಳದಲ್ಲಿ ನಿಂತಿರುವ ಆ ದೊಡ್ಡ ಸ್ಪೇಸ್ ಮರೀನ್ ಪ್ರತಿಮೆ ನೋಡಿದ್ದೇ ತಪ್ಪಾಯಿತು. ಅವತ್ತಿನಿಂದ ವಾರ್‌ಹ್ಯಾಮರ್ 40,000 ಹುಚ್ಚು, ಅಂದ್ರೆ ಪುಟ್ಟ ಗೊಂಬೆ ಸೇನೆ ಇಟ್ಟು ಮೇಜಿನ ಮೇಲೆ ಆಡುವ ಯುದ್ಧದ ಆಟ. ಅದರಲ್ಲಿ ಸ್ಪೇಸ್ ಮರೀನ್, ಆರ್ಕ್, ಟೈರನಿಡ್ ಅಂತ ಬೇರೆಬೇರೆ ಸೇನೆಗಳಿವೆ. ನನ್ನದು ನೆಕ್ರಾನ್, ಲೋಹದ ಅಸ್ಥಿಪಂಜರಗಳ ಸೇನೆ. ಬೆಳ್ಳಿ ಬಣ್ಣದ ಸ್ಪ್ರೇ ಹೊಡೆದು, ಮೇಲೆ ಕಪ್ಪು ವಾಶ್ (ನೀರಾದ ಬಣ್ಣ) ಬಳಿದರೆ ಅರ್ಧ ಕೆಲಸ ಮುಗೀತು ಅಂತ ಯಾರೋ ಹೇಳಿದರು, ಅದಕ್ಕೇ ಆರಿಸಿಕೊಂಡೆ.

ಹೋದ ಶನಿವಾರ ಮೊದಲ ಸಲ ಟೂರ್ನಮೆಂಟ್ ಆಡಿದೆ. ಒಂದು ದಿನದ್ದು. 2000 ಪಾಯಿಂಟ್ ಸೇನೆ (ಒಂದೊಂದು ತುಕಡಿಗೂ ಇಷ್ಟು ಪಾಯಿಂಟ್ ಅಂತ ಇರುತ್ತೆ), ಮೂರು ಆಟ, ಒಂದೊಂದಕ್ಕೆ ಮೂರು ಗಂಟೆ. ಎಲ್ಲಿ, ಯಾರು ನಡೆಸಿದ್ದು ಅಂತ ಹೇಳಲ್ಲ, ಯಾಕಂದ್ರೆ ತಪ್ಪು ಅವರದ್ದಲ್ಲ.

ಮೊದಲ ಆಟ ಆರ್ಕ್‌ಗಳ ಎದುರು. 31–78. ಐದು ಸುತ್ತು ಆಡಬೇಕಿತ್ತು, ಮೂರನೇ ಸುತ್ತಿಗೇ ಸಮಯ ಮುಗಿಯಿತು. ನೆಲದಡಿಯಿಂದ ಎದ್ದುಬರುವ ನನ್ನ ಒಫಿಡಿಯನ್‌ಗಳನ್ನು ನೆಚ್ಚಿಕೊಂಡಿದ್ದೆ. ಅವು ಬಂದವು, ನುಗ್ಗಲು ಎರಡು ದಾಳದಲ್ಲಿ 9 ಬೇಕಿತ್ತು, ಬೀಳಲಿಲ್ಲ. ಇಡೀ ದಿನ ಮೂರು ಸಲ 9 ಬೇಕಾಯಿತು, ಮೂರು ಸಲವೂ ಬೀಳಲಿಲ್ಲ. ನನ್ನ ಹಣೆಬರಹ.

ಉರಿ ಇರೋದು ಎರಡನೇ ಆಟದ್ದು. ಎದುರಾಳಿ ಸ್ಪೇಸ್ ಮರೀನ್. ಎರಡನೇ ಸುತ್ತಿನಲ್ಲಿ ಆತ ಕಮಾಂಡ್ ಫೇಸ್‌ನಲ್ಲಿ, ಅಂದ್ರೆ ಸರದಿಯ ಮೊದಲ ಹಂತದಲ್ಲಿ, ಮಿಷನ್ ಕಾರ್ಡ್ (ಯಾವ ಕೆಲಸಕ್ಕೆ ಅಂಕ ಅಂತ ಹೇಳುವ ಕಾರ್ಡ್) ತೆಗೆಯೋದು ಮರೆತು ಒಂದು ತುಕಡಿಯನ್ನು ನಡೆಸಿಬಿಟ್ಟಿದ್ದ. "ಅಯ್ಯೋ, ಕಾರ್ಡ್!" ಅಂದ. "ಪರವಾಗಿಲ್ಲ, ತೆಗೀರಿ" ಅಂದೆ. ನಾಲ್ಕನೇ ಸುತ್ತಿನಲ್ಲಿ ನನ್ನ ಸರದಿ. ನೆಕ್ರಾನ್‌ಗಳಿಗೆ ಕಮಾಂಡ್ ಫೇಸ್‌ನ ಕೊನೆಗೆ ಸತ್ತವರು ಎದ್ದುಬರುವ ನಿಯಮ ಇದೆ, ಗೊತ್ತಲ್ಲ. ಟೆನ್ಷನ್‌ನಲ್ಲಿ ಅದನ್ನು ಮರೆತು, ಅಂಕ ಬರೆದು, ಮೇಜಿನ ಆ ಮೂಲೆಯ ಒಂದು ತುಕಡಿಯನ್ನು ಮುಂದೆ ಸರಿಸಿದೆ. ತಕ್ಷಣ ನೆನಪಾಯಿತು. ಕೇಳಿದೆ. ಆತ ನಗ್ತಾ, "ಕಮಾಂಡ್ ಫೇಸ್ ಮುಗೀತಲ್ಲ" ಅಂದ. ನಡುವಿನ ಆಬ್ಜೆಕ್ಟಿವ್ (ಹಿಡಿದಿಟ್ಟವರಿಗೆ ಅಂಕ ಕೊಡುವ ಜಾಗ) ಮೇಲೆ ನನ್ನ ಇಬ್ಬರು ಎದ್ದಿದ್ದರೂ ಸಾಕಿತ್ತು, ಅದು ನನ್ನದಾಗುತ್ತಿತ್ತು. ಐದು ಅಂಕ. ಸೋತದ್ದು 68–72.

ಮೂರನೆಯದು ಟೈರನಿಡ್ ಆಡುವ ಒಬ್ಬ ವಯಸ್ಸಾದವರ ಜೊತೆ. ಅದೂ ಸೋಲೇ, ಆದರೆ ಖುಷಿಯ ಸೋಲು. ನಾನು ಏನಾದರೂ ಪೆದ್ದು ಕೆಲಸ ಮಾಡುವ ಮೊದಲು "ಅದನ್ನ ಅಲ್ಲೇ ಬಿಡ್ತೀರಾ, ನೋಡಿ ಮತ್ತೆ" ಅಂತ ಕೇಳ್ತಿದ್ದರು.

ಈಗ ನನ್ನ ಪ್ರಶ್ನೆ: ಎರಡನೇ ಆಟದಲ್ಲಿ ಜಡ್ಜ್ ಕರೀಬೇಕಿತ್ತಾ? ಬೇಗ ಆಡೋದು ಹೇಗೆ? "ದುಡ್ಡು ಕೊಟ್ಟು ಹೋಗಿ ಬೈಸಿಕೊಂಡು ಬಂದ ಹಾಗೆ ಮುಖ ಯಾಕೆ?" ಅಂತ ಹೆಂಡತಿ ಕೇಳ್ತಿದ್ದಾಳೆ. ಮತ್ತೆ ಹೋಗಲಾ ಬೇಡ್ವಾ?

ಆರ್ಕ್_ಅಣ್ಣ

ಮೂರಕ್ಕೆ ಮೂರು ಸೋತ್ರಾ? ಸಂಘಕ್ಕೆ ಸ್ವಾಗತ ಗುರು. ನನ್ನ ಮೊದಲ ಟೂರ್ನಮೆಂಟ್‌ನಲ್ಲಿ ಐದಕ್ಕೆ ಐದು.

ದಾಳದ_ದಾಸ

ಹಣೆಬರಹ ಅಂದ್ರಲ್ಲ, ಅಲ್ಲೇ ತಡೀರಿ. ಎರಡು ದಾಳದಲ್ಲಿ ಒಟ್ಟು 36 ಬಗೆ. ಅದರಲ್ಲಿ 9 ಅಥವಾ ಜಾಸ್ತಿ ಬರೋದು 10 ಬಗೆಯಲ್ಲಿ ಮಾತ್ರ. ಅಂದ್ರೆ ಸುಮಾರು 28%. ಮೂರು ಸಲ ಪ್ರಯತ್ನಿಸಿ ಮೂರೂ ಸಲ ತಪ್ಪುವ ಸಾಧ್ಯತೆ ಸುಮಾರು 38%. ನಿಮ್ಮ ಹಾಗೆ ನೂರು ಜನ ಆಡಿದರೆ 38 ಜನರ ಗತಿ ಇದೇ. ಇದಕ್ಕೆ ಹಣೆಬರಹ ಅನ್ನಲ್ಲ, ಮಾಮೂಲಿ ಶನಿವಾರ ಅಂತಾರೆ.

ಒಂದು ಕಮಾಂಡ್ ಪಾಯಿಂಟ್ (ವಿಶೇಷ ಸೌಲಭ್ಯಕ್ಕೆ ಖರ್ಚು ಮಾಡುವ ಪಾಯಿಂಟ್) ಕೊಟ್ಟು ಮತ್ತೆ ಉರುಳಿಸಿದ್ರಾ? ಹಾಗೆ ಮಾಡಿದರೆ 28 ಹೋಗಿ 48% ಆಗುತ್ತೆ.

ತಿಪಟೂರು_ಓವರ್‌ಲಾರ್ಡ್

@ದಾಳದ_ದಾಸ ಒಂದೇ ಸಲ ಮಾಡಿದ್ದು. ಉಳಿದ ಎರಡು ಸಲ ಆ ಸೌಲಭ್ಯ ಇದೆ ಅನ್ನೋದೇ ಮರೆತಿತ್ತು. 😐

ದಾಳದ_ದಾಸ

ಹಾಗಾದ್ರೆ ದಾಳಕ್ಕೆ ಬೈಬೇಡಿ ಸ್ವಾಮಿ.

ಬಸವನಗುಡಿ_ಬಿಷಪ್

ನಾನು ಚೆಸ್ ಆಡುವವನು, ಈ ಆಟ ಗೊತ್ತಿಲ್ಲ, ಶೀರ್ಷಿಕೆ ನೋಡಿ ಬಂದೆ. ನಮ್ಮಲ್ಲಿ ಕಾಯಿ ಮುಟ್ಟಿದರೆ ನಡೆಸಲೇಬೇಕು. ಕೈ ಬಿಟ್ಟರೆ ಮುಗಿಯಿತು. ಎದುರಿನವರು ಮಗುವಾದರೂ ಅಷ್ಟೇ, ಗ್ರ್ಯಾಂಡ್‌ಮಾಸ್ಟರ್ ಆದರೂ ಅಷ್ಟೇ. ನೀವು ಮರೆತಿರಿ, ಕಳೆದುಕೊಂಡಿರಿ. ಇದರಲ್ಲಿ ಅನ್ಯಾಯ ಏನು ಬಂತು? ಎರಡನೇ ಸುತ್ತಿನಲ್ಲಿ ನೀವು ಬಿಟ್ಟುಕೊಟ್ಟದ್ದು ನಿಮ್ಮ ದೊಡ್ಡತನ. ಅದನ್ನು ಸಾಲ ಅಂತ ಬರೆದಿಟ್ಟುಕೊಂಡರೆ ಹೇಗೆ?

ಲೆಸ್ಟರ್_ಲಕ್ಷ್ಮಿ

@ಬಸವನಗುಡಿ_ಬಿಷಪ್ ಸರ್, ಚೆಸ್‌ನಲ್ಲಿ ಒಂದು ಸರದಿಗೆ ಒಂದು ಕಾಯಿ. ಇಲ್ಲಿ ಒಂದು ಸರದಿಗೆ ನಲವತ್ತು ಐವತ್ತು ಗೊಂಬೆ, ಹತ್ತಾರು ನಿಯಮ, ಮೇಲೆ ಕಾರ್ಡ್. ಯಾವುದಾದರೂ ಒಂದು ಮರೆಯದೆ ಆಡಿದವರನ್ನು ನಾನು ನೋಡಿಲ್ಲ. ಅದಕ್ಕೇ ನಮ್ಮಲ್ಲಿ ಒಂದು ರೂಢಿ ಇದೆ: ಮರೆತದ್ದು ನೆನಪಾಗುವ ಹೊತ್ತಿಗೆ ದಾಳ ಉರುಳಿರಬಾರದು, ಯಾರಿಗೂ ಹೊಸ ವಿಷಯ ಗೊತ್ತಾಗಿರಬಾರದು. ಹಾಗಿದ್ದರೆ ಬಿಟ್ಟುಕೊಡ್ತೀವಿ. ಓವರ್‌ಲಾರ್ಡ್ ಅವರ ಕೇಸಿನಲ್ಲಿ ದಾಳವೂ ಉರುಳಿಲ್ಲ. ಎಲ್ಲೋ ಮೂಲೆಯ ತುಕಡಿ ಸ್ವಲ್ಪ ಸರಿದಿದೆ. ನಾನಾಗಿದ್ದರೆ ಕೊಟ್ಟುಬಿಡುತ್ತಿದ್ದೆ.

ಅಳತೆಪಟ್ಟಿ

ಟೊರೊಂಟೊ ಕಡೆ ಎರಡು ಮೂರು ಟೂರ್ನಮೆಂಟ್‌ಗೆ ಜಡ್ಜ್ ಆಗಿ ನಿಂತಿದ್ದೇನೆ, ಆ ಅನುಭವದ ಮೇಲೆ ಹೇಳ್ತೀನಿ. ಯಾರಿಗೂ ಖುಷಿ ಆಗಲ್ಲ.

ಎರಡೂ ಮರೆವು ಒಂದೇ ತೂಕದ್ದಲ್ಲ. ಆತ ಕಾರ್ಡ್ ತಡವಾಗಿ ತೆಗೆದ. ಅದರಿಂದ ಆತನಿಗೆ ಲಾಭವೇನೂ ಇಲ್ಲ, ನಷ್ಟವೇ. ಯಾವ ಕಾರ್ಡ್ ಬರುತ್ತೆ ಅಂತ ಗೊತ್ತಿಲ್ಲದೆ ಒಂದು ತುಕಡಿ ನಡೆಸಿಬಿಟ್ಟಿದ್ದ. ನಿಮ್ಮದು ಬೇರೆ. ನೀವೇ ಬರೆದಿದ್ದೀರಿ, "ಅಂಕ ಬರೆದು" ತುಕಡಿ ಸರಿಸಿದೆ ಅಂತ. ಅಂದ್ರೆ ನಡುವಿನ ಆಬ್ಜೆಕ್ಟಿವ್ ನಿಮ್ಮದಲ್ಲ ಅಂತ ಇಬ್ಬರೂ ಒಪ್ಪಿ ಬರೆದಾಗಿತ್ತು. ಈಗ ಯೋಧರನ್ನು ಎಬ್ಬಿಸಿದರೆ ಅಂಕವನ್ನೂ ತಿದ್ದಬೇಕು. ಅದೂ ನಾಲ್ಕನೇ ಸುತ್ತಿನಲ್ಲಿ, ಅಷ್ಟು ಹತ್ತಿರದ ಆಟದಲ್ಲಿ. ಜಡ್ಜ್ ಕರೆದಿದ್ದರೆ, ನಾನಾಗಿದ್ದರೆ, "ಮುಗಿದಿದೆ, ಮುಂದೆ ಆಡಿ" ಅಂತಿದ್ದೆ.

ಆದರೂ ಕರೀಬೇಕಿತ್ತು. ಜಡ್ಜ್ ಕರೆಯೋದು ಪೊಲೀಸ್ ಕಂಪ್ಲೇಂಟ್ ಅಲ್ಲ. ಕೈ ಎತ್ತಿ ಕೇಳೋದು ಅಷ್ಟೇ. ಜಡ್ಜ್ ಹೇಳಿದ ಮೇಲೆ ಸೋತಿದ್ದರೆ ಇಷ್ಟು ದಿನ ಉರಿ ಇರ್ತಿರಲಿಲ್ಲ.

ಹುಬ್ಬಳ್ಳಿ_ಹುಡುಗ

ನಗ್ತಾ ಹೇಳಿದ ಅಂದ್ರಲ್ಲ, ಅದೇ ನನಗೆ ಸೇರಲಿಲ್ಲ ನೋಡ್ರಿ. ಕೊಡಲ್ಲ ಅಂದರೆ ಕೊಡಲ್ಲ ಅಂತ ಹೇಳಲಿ. ಹಲ್ಲು ಯಾಕೆ ಕಿಸೀಬೇಕು?

ತಿಪಟೂರು_ಓವರ್‌ಲಾರ್ಡ್

@ಅಳತೆಪಟ್ಟಿ ಅಂಕದ ವಿಷಯ ನಾನು ಹಾಗೆ ಯೋಚನೆ ಮಾಡಿರಲಿಲ್ಲ. ಓದಿ ಐದು ನಿಮಿಷ ಸುಮ್ಮನೆ ಕೂತೆ. ಸರಿ ಅನಿಸ್ತಿದೆ. ಆದ್ರೂ ಉರಿ ಇದೆ.

@ಹುಬ್ಬಳ್ಳಿ_ಹುಡುಗ ನಗು ಕೆಟ್ಟದ್ದೇನೂ ಅಲ್ಲ. ಇಲ್ಲಿನವರು ಮುಜುಗರ ಆದಾಗಲೂ ನಗ್ತಾರೆ.

ಲೆಸ್ಟರ್_ಲಕ್ಷ್ಮಿ

@ಅಳತೆಪಟ್ಟಿ ಒಪ್ಪಲ್ಲ. ಅಂಕ ಬರೆದದ್ದು ತಪ್ಪು ಲೆಕ್ಕದ ಮೇಲೆ. ಎದ್ದುಬರೋದು ಕಡ್ಡಾಯವಾಗಿ ನಡೆಯಬೇಕಾದ ನಿಯಮ, ಆಟಗಾರನ ಆಯ್ಕೆ ಅಲ್ಲ. ಆಯ್ಕೆ ಮರೆತರೆ ಹೋಯಿತು. ಆದರೆ ನಡೆಯಲೇಬೇಕಾದ ನಿಯಮವನ್ನು ನೆನಪಿಸೋದು ಇಬ್ಬರ ಜವಾಬ್ದಾರಿ ಅಲ್ವಾ?

ಅಳತೆಪಟ್ಟಿ

@ಲೆಸ್ಟರ್_ಲಕ್ಷ್ಮಿ ಒಳ್ಳೆಯ ವಾದ ಮೇಡಂ. ಜಡ್ಜ್‌ಗಳಲ್ಲೂ ಹೀಗೆ ವಾದ ಮಾಡುವವರು ಇದ್ದಾರೆ. ನನ್ನ ಕಷ್ಟ ಇಷ್ಟೇ: ಎದುರಾಳಿಯ ಸೇನೆಯ ನಿಯಮ ಎಲ್ಲರಿಗೂ ಗೊತ್ತಿರುತ್ತೆ ಅಂತ ಹೇಗೆ ಹೇಳೋದು? ಗೊತ್ತಿದ್ದೂ ಸುಮ್ಮನಿದ್ದನಾ, ಗೊತ್ತೇ ಇರಲಿಲ್ವಾ, ಯಾರು ಬಲ್ಲರು.

ಸುಮ್ನೆ_ಓದುಗ

ಸ್ವಲ್ಪ ತಡೀರಿ. ದಾಳ ಉರುಳಿಸಿ ಯಾರದ್ದು ಜಾಸ್ತಿ ಅಂತ ನೋಡೋ ಆಟ ಅಂದುಕೊಂಡಿದ್ದೆ. ಇಲ್ಲಿ ಕೋರ್ಟ್ ನಡೀತಿದೆ. ಯಾರಾದರೂ ಎರಡು ಸಾಲಿನಲ್ಲಿ ಹೇಳ್ತೀರಾ ಏನಿದು?

ಆರ್ಕ್_ಅಣ್ಣ

ಎರಡು ಸಾಲಿನಲ್ಲಿ: ನೀವೇ ಅಂಟಿಸಿ ನೀವೇ ಬಣ್ಣ ಹಚ್ಚಿದ ಗೊಂಬೆ ಸೇನೆ. ಆರು ಮುಖದ ದಾಳ, ಇಂಚಿನ ಟೇಪು, ಖಾಲಿ ಜೇಬು.

ದಾಳದ_ದಾಸ

@ಸುಮ್ನೆ_ಓದುಗ ನಾನು ಲೆಕ್ಕದಲ್ಲಿ ಹೇಳ್ತೀನಿ. ಮೇಜು 60 ಇಂಚು ಉದ್ದ, 44 ಇಂಚು ಅಗಲ. ಗುಂಡು ಹೊಡೆದರೆ ಮೂರು ಮೆಟ್ಟಿಲು. ಮೊದಲು ತಾಗಿತಾ, ಆಮೇಲೆ ಗಾಯ ಆಯಿತಾ, ಕೊನೆಗೆ ಎದುರಿನವನ ಕವಚ ತಡೆಯಿತಾ. ಉದಾಹರಣೆಗೆ 20 ಗುಂಡು, 4 ಅಥವಾ ಮೇಲೆ ಬಿದ್ದರೆ ತಾಗುತ್ತೆ: 10. ಹೊಡೆಯುವವನ ಶಕ್ತಿ, ಪೆಟ್ಟು ತಿನ್ನುವವನ ಗಟ್ಟಿತನ ಎರಡೂ ಸಮ ಇದ್ದರೆ ಮತ್ತೆ 4: ಉಳಿದದ್ದು 5. ಎದುರಿನವನು 3 ಅಥವಾ ಮೇಲೆ ಬಿದ್ದರೆ ತಡೀತಾನೆ: ಒಳಗೆ ಹೋದದ್ದು ಎರಡೂ ಇಲ್ಲ. ಇಪ್ಪತ್ತು ದಾಳ ಢಣಢಣ ಅಂತ ಉರುಳಿಸಿ ಕೊನೆಗೆ ಒಬ್ಬ ಮರೀನ್ ಸತ್ತ ಅಂದ್ರೆ ಇಬ್ಬರೂ ಆಶ್ಚರ್ಯಪಡಬಾರದು.

ಮತ್ತೆ ಗೆಲ್ಲೋದು ಕೊಂದು ಅಲ್ಲ. ಮೇಜಿನ ಮೇಲಿನ ಆಬ್ಜೆಕ್ಟಿವ್‌ಗಳ ಮೇಲೆ ನಿಂತು, ಕಾರ್ಡ್ ಹೇಳಿದ ಕೆಲಸ ಮಾಡಿ. ಹೊಸಬರು ಎಲ್ಲರೂ ಕೊಲ್ಲೋಕೆ ಹೋಗಿಯೇ ಸೋಲೋದು.

ತೆಳು_ಬಣ್ಣ

100 ಅಂಕದಲ್ಲಿ 10 ಅಂಕ ಬಣ್ಣಕ್ಕೆ ಅನ್ನೋದನ್ನ ಯಾರೂ ಹೇಳಲೇ ಇಲ್ಲ! 50 ಆಬ್ಜೆಕ್ಟಿವ್‌ಗೆ, 40 ಕಾರ್ಡ್‌ಗೆ, 10 ಪೂರ್ತಿ ಬಣ್ಣ ಹಚ್ಚಿದ ಸೇನೆಗೆ. ದೊಡ್ಡ ಕಲಾವಿದರಾಗಬೇಕಿಲ್ಲ. ಮುಖ್ಯ ಭಾಗಗಳಿಗೆ ಬಣ್ಣ, ಕೆಳಗಿನ ಬೇಸ್‌ಗೆ ಸ್ವಲ್ಪ ಮಣ್ಣೋ ಮರಳೋ. @ತಿಪಟೂರು_ಓವರ್‌ಲಾರ್ಡ್ ನಿಮಗೆ ಆ 10 ಸಿಕ್ತಾ?

ತಿಪಟೂರು_ಓವರ್‌ಲಾರ್ಡ್

ಸಿಕ್ತು ಸಿಕ್ತು. ಶುಕ್ರವಾರ ರಾತ್ರಿ ಎರಡು ಗಂಟೆವರೆಗೂ ಬೇಸ್‌ಗೆ ಮರಳು ಅಂಟಿಸ್ತಿದ್ದೆ. ಮರುದಿನ ಮೊದಲ ಆಟ ಹಾಗಾಗೋಕೆ ಅದೂ ಒಂದು ಕಾರಣ. ನಿದ್ದೆ ಇಲ್ಲ.

ಕರಾವಳಿ_ಕ್ಯಾಪ್ಟನ್

ಬಣ್ಣದ ಮಾತು ಬಂತು ಅಂತ ಕೇಳ್ತೀನಿ. ನಾನು ಮಂಗಳೂರು. ಜೂನ್ ಬಂದರೆ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಪದರ) ಸ್ಪ್ರೇ ಹೊಡೆಯೋ ಹಾಗಿಲ್ಲ ಮಾರಾಯ್ರೆ. ಗೊಂಬೆ ಮೇಲೆ ರವೆ ಉದುರಿಸಿದ ಹಾಗೆ ಆಗ್ತದೆ. ಹತ್ತು ಮರೀನ್ ಹಾಳಾಯ್ತು.

ತೆಳು_ಬಣ್ಣ

@ಕರಾವಳಿ_ಕ್ಯಾಪ್ಟನ್ ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಹಾಗೇ ಆಗೋದು. ಮಳೆಗಾಲ ಮುಗಿಯೋವರೆಗೆ ಸ್ಪ್ರೇ ಎತ್ತಿಟ್ಟು, ಬ್ರಷ್‌ನಲ್ಲಿ ಹಚ್ಚುವ ಪ್ರೈಮರ್ ತಗೊಳ್ಳಿ. ತೆಳುವಾಗಿ ಎರಡು ಸಲ. ಒಂದೇ ಸಲ ದಪ್ಪ ಬಳಿದರೆ ಕಣ್ಣು ಮೂಗು ಎಲ್ಲ ಮುಚ್ಚಿಹೋಗಿ ಗಣೇಶ ಹಬ್ಬದ ಮರುದಿನದ ಗಣಪತಿ ಆಗ್ತಾರೆ.

ಬಸವನಗುಡಿ_ಬಿಷಪ್

ಬಣ್ಣಕ್ಕೆ 10% ಅಂಕ? ಅಂದ್ರೆ ಚೆನ್ನಾಗಿ ಆಡುವವನು ಬಣ್ಣ ಹಚ್ಚಿಲ್ಲ ಅಂತ ಸೋಲಬಹುದು? ಇದು ಕ್ರೀಡೆಯೋ, ಡ್ರಾಯಿಂಗ್ ಪರೀಕ್ಷೆಯೋ?

ತೆಳು_ಬಣ್ಣ

ಎರಡೂ. ಚೆನ್ನಾಗಿದೆಯಾ ಅಂತ ಯಾರೂ ನೋಡಲ್ಲ, ಹಚ್ಚಿದೆಯಾ ಅಂತ ಅಷ್ಟೇ. ಬೂದು ಪ್ಲಾಸ್ಟಿಕ್ ಜೊತೆ ಮೂರು ಗಂಟೆ ಕೂತು ನೋಡಿ, ಆಮೇಲೆ ಮಾತಾಡಿ.

ಬಸವನಗುಡಿ_ಬಿಷಪ್

ಸರಿ ಬಿಡಿ. ಒಂದು ವಿಷಯ ಮಾತ್ರ ಖುಷಿ ಆಯಿತು. ನಿಮ್ಮಲ್ಲೂ ಸ್ವಿಸ್ ಪದ್ಧತಿ ಅಂತ ಕೇಳಿದೆ, ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು. ಅದು ಹುಟ್ಟಿದ್ದು ನಮ್ಮ ಚೆಸ್‌ನಲ್ಲಿ, 1895ರಲ್ಲಿ ಜೂರಿಕ್‌ನ ಟೂರ್ನಮೆಂಟ್‌ನಲ್ಲಿ. ಗಡಿಯಾರವೂ ನಮ್ಮದೇ. ಚೆಸ್‌ನ ಮೂಲವಾದ ಚತುರಂಗವೂ ಗೊಂಬೆ ಸೇನೆಯೇ ತಾನೇ.

ಲೆಸ್ಟರ್_ಲಕ್ಷ್ಮಿ

ಈ ಸ್ವಿಸ್ ವಿಷಯ ಹೊಸಬರು ಸರಿಯಾಗಿ ತಿಳ್ಕೋಬೇಕು. ಮೊದಲ ಆಟದಲ್ಲಿ ಯಾರು ಬೇಕಾದರೂ ಎದುರಾಗಬಹುದು, ಅಲ್ಲಿ ಪೆಟ್ಟು ತಿಂದರೆ ಬೇಜಾರು ಮಾಡಿಕೊಳ್ಳಬಾರದು. ಎರಡು ಸೋತ ಮೇಲೆ ಮೂರನೇ ಆಟ ಕೆಳಗಿನ ಮೇಜುಗಳಲ್ಲಿ. ಅಲ್ಲಿರೋರು ಆರಾಮಾಗಿ ಆಡ್ತಾರೆ, ಮಾತಾಡ್ತಾರೆ. ಓವರ್‌ಲಾರ್ಡ್ ಅವರಿಗೆ ಆ ಟೈರನಿಡ್ ಅಜ್ಜ ಸಿಕ್ಕಿದ್ದು ಹಾಗೆಯೇ.

ನನ್ನ ಮೊದಲ ಟೂರ್ನಮೆಂಟ್ ಕಥೆ ಹೇಳಿಬಿಡ್ತೀನಿ. ಸಭಾಂಗಣಕ್ಕೆ ಪೆಟ್ಟಿಗೆ ಹಿಡಿದು ಒಳಗೆ ಹೋದೆ. ಬಾಗಿಲಲ್ಲಿದ್ದವರು, "ಗಂಡ ಎಲ್ಲಿ, ಪಾರ್ಕಿಂಗ್ ಮಾಡ್ತಿದ್ದಾರಾ?" ಅಂತ ಕೇಳಿದರು. ಗಂಡ ಮನೆಯಲ್ಲಿ ಮಗುವಿಗೆ ಇಡ್ಲಿ ತಿನ್ನಿಸ್ತಿದ್ದ. ಮೊದಲ ಎದುರಾಳಿ ನನ್ನ ನಿಯಮಗಳನ್ನೆಲ್ಲ ನನಗೇ ವಿವರಿಸೋಕೆ ಶುರು ಮಾಡಿದ. ಅದರಲ್ಲಿ ಎರಡು ತಪ್ಪು ಬೇರೆ. ಮೂರನೇ ಸುತ್ತಿಗೆ ಆತನ ಜನರಲ್ ಸತ್ತ, ಆಮೇಲೆ ಮಾತು ಕಮ್ಮಿ ಆಯಿತು. ಈಗ ಅದೇ ಜಾಗಕ್ಕೆ ಹೋದರೆ ಎಲ್ಲರಿಗೂ ಗೊತ್ತು, ಟೀ ಮಾಡಿ ಕೊಡ್ತಾರೆ. ಟೀ ಚೆನ್ನಾಗಿರಲ್ಲ, ಅದು ಬೇರೆ ಮಾತು.

ಹುಬ್ಬಳ್ಳಿ_ಹುಡುಗ

"ಆಮೇಲೆ ಮಾತು ಕಮ್ಮಿ ಆಯಿತು" 😂 ಶಭಾಷ್ ಅಕ್ಕಾರ.

ಅಳತೆಪಟ್ಟಿ

ಮೂಲ ಪ್ರಶ್ನೆಗೆ ಬರೋಣ. @ತಿಪಟೂರು_ಓವರ್‌ಲಾರ್ಡ್ ಮೊದಲ ಆಟ ಮೂರನೇ ಸುತ್ತಿಗೇ ನಿಂತಿತು ಅಂದ್ರಲ್ಲ. ಯಾರು ನಿಧಾನ? ನಿಜ ಹೇಳಿ.

ತಿಪಟೂರು_ಓವರ್‌ಲಾರ್ಡ್

...ನಾನೇ. ಗಡಿಯಾರ ಇಟ್ಟಿರಲಿಲ್ಲ, ಆದರೆ ನನ್ನ ಅಂದಾಜಿಗೆ ಮೂರರಲ್ಲಿ ಎರಡು ಗಂಟೆ ನಾನೇ ತಿಂದೆ. ಇಪ್ಪತ್ತರ ಎರಡು ನೆಕ್ರಾನ್ ವಾರಿಯರ್ ಗುಂಪು. ಒಂದೊಂದನ್ನೂ ಟೇಪು ಹಿಡಿದು ಅಳೆದು ಇಟ್ಟೆ.

ಆರ್ಕ್_ಅಣ್ಣ

ಅಯ್ಯೋ ದೇವರೇ. ನಲವತ್ತು ಗೊಂಬೆಗೆ ನಲವತ್ತು ಸಲ ಅಳತೆ? ಆರ್ಕ್ ಆಡುವವನಾಗಿ ಹೇಳ್ತೀನಿ, ನಮ್ಮಲ್ಲಿ ನೂರು ಗೊಂಬೆ ಇಳಿಸುವವರೂ ಇದ್ದಾರೆ. ಮುಂದಿನ ಸಾಲಿನ ಎರಡು ಮೂರು ಗೊಂಬೆ ಅಳೆದು ಇಡಿ. ಉಳಿದವನ್ನು ಹಿಂದೆ ಕುರಿ ಹಿಂಡು ತಳ್ಳಿದ ಹಾಗೆ ತಳ್ಳಿ. ಹಿಂದಿನವು ಅರ್ಧ ಇಂಚು ಕಮ್ಮಿ ನಡೆದರೆ ಯಾರ ಮನೆ ಹಾಳಾಗಲ್ಲ. ದಾಳ ಹತ್ತರ ಲೆಕ್ಕದಲ್ಲಿ ಮೊದಲೇ ಗುಂಪು ಮಾಡಿ ಇಟ್ಟುಕೊಳ್ಳಿ. "ಹದಿಮೂರು... ಅಲ್ಲ ಹದಿನಾಲ್ಕು... ತಡೀರಿ" ಅಂತ ಎಣಿಸೋದರಲ್ಲೇ ಅರ್ಧ ಗಂಟೆ ಹೋಗುತ್ತೆ.

ಅಳತೆಪಟ್ಟಿ

ಈಗ ಯೋಚನೆ ಮಾಡಿ. ಎರಡನೇ ಆಟದವನು ಇಬ್ಬರು ಯೋಧರನ್ನು ಕೊಡಲಿಲ್ಲ ಅಂತ ನಿಮಗೆ ಉರಿ. ಮೊದಲ ಆಟದ ಆರ್ಕ್ ಆಟಗಾರನ ಎರಡು ಸುತ್ತನ್ನೇ ನೀವು ತಿಂದಿರಿ. ಆತ ಏನಾದ್ರೂ ಅಂದನಾ?

ತಿಪಟೂರು_ಓವರ್‌ಲಾರ್ಡ್

ಇಲ್ಲ. ಕೈ ಕುಲುಕಿ, "ಒಳ್ಳೆ ಆಟ, ಬಣ್ಣ ಚೆನ್ನಾಗಿದೆ" ಅಂದು ಹೋದ.

ಸಾರ್, ನೀವು ಜಡ್ಜ್ ಅಲ್ಲ, ಲೆಕ್ಕದ ಮೇಷ್ಟ್ರು.

ಹುಬ್ಬಳ್ಳಿ_ಹುಡುಗ

@ಅಳತೆಪಟ್ಟಿ ಸ್ವಲ್ಪ ಕಡಕ್ ಆಯಿತು ಬಿಡ್ರಿ. ಮೊದಲ ಸಲ ಹೋದವನು ನಿಧಾನ ಇರದೆ ಏನು ಮಾಡ್ತಾನ? ಎದುರಿನವರು ಅಷ್ಟು ತಾಳ್ಮೆ ಇಟ್ಟುಕೊಂಡೇ ಬರಬೇಕು.

ಅಳತೆಪಟ್ಟಿ

ಇಟ್ಟುಕೊಂಡೇ ಬರ್ತಾರೆ. ಅದಕ್ಕೇ ಆತ ಏನೂ ಅನ್ನಲಿಲ್ಲ. ಆದರೆ ಮುಂದಿನ ಸಲ ಮೇಜಿನ ಮೇಲೆ ಚೆಸ್ ಗಡಿಯಾರ ಇಡೋಣ ಅಂತ ನೀವೇ ಕೇಳಿ. ತಲಾ ಒಂದೂವರೆ ಗಂಟೆ. ನಿಮ್ಮ ಸಮಯ ಮುಗಿದರೆ ಸಾಮಾನ್ಯವಾಗಿ ನೀವು ಗೊಂಬೆ ನಡೆಸೋ ಹಾಗಿಲ್ಲ, ಹೊಡೆಯೋ ಹಾಗಿಲ್ಲ. ಎದುರಿನವನು ಹೊಡೆದಾಗ ಕವಚದ ದಾಳ ಹಾಕೋದು, ನಿಂತಲ್ಲೇ ಸಿಗುವ ಅಂಕ ಎಣಿಸೋದು ಅಷ್ಟೇ. ನಡೆಸುವವರನ್ನು ಅವಲಂಬಿಸಿ ವಿವರ ಬದಲಾಗುತ್ತೆ, ಮೊದಲೇ ಓದಿಕೊಳ್ಳಿ. ಗಡಿಯಾರ ಅಂದರೆ ಹೊಸಬರು ಹೆದರ್ತಾರೆ. ನಿಜದಲ್ಲಿ ಅದು ಇಬ್ಬರ ನಡುವಿನ ಮುನಿಸು ತಪ್ಪಿಸುತ್ತೆ.

ಲೆಸ್ಟರ್_ಲಕ್ಷ್ಮಿ

ಇನ್ನೊಂದು: ಬಾಯಿ ಬಿಟ್ಟು ಆಡಿ. "ಈ ಗೊಂಬೆಯನ್ನು ಗೋಡೆ ಹಿಂದೆ ಇಡ್ತಿದ್ದೀನಿ, ನಿಮ್ಮ ಟ್ಯಾಂಕಿಗೆ ಕಾಣಬಾರದು ಅನ್ನೋದು ನನ್ನ ಉದ್ದೇಶ, ಸರಿನಾ?" ಅಂತ ಹೇಳಿ, ಅವರು ಹೂಂ ಅಂದ ಮೇಲೆ ಮುಂದೆ ಹೋಗಿ. ಆಮೇಲೆ "ಅದರ ಕೋಲಿನ ತುದಿ ಕಾಣ್ತಿದೆ" ಅಂತ ಜಗಳ ಬರಲ್ಲ. ಆಟ ಶುರುವಾಗುವ ಮೊದಲೇ ಪಾಳುಗೋಡೆಗಳ ಕಿಟಕಿ ಮುಚ್ಚಿದ್ದಾ ತೆರೆದದ್ದಾ ಅಂತ ಮಾತಾಡಿ. ಓರೆಯಾಗಿ ನಿಂತ ದಾಳ ಮತ್ತೆ ಉರುಳಿಸೋದಾ ಅಂತಲೂ. ಎರಡು ನಿಮಿಷದ ಕೆಲಸ.

ಮರೆವಿಗೆ ನನ್ನ ಮದ್ದು: ಒಂದು ದಪ್ಪ ಕಾರ್ಡ್ ಮೇಲೆ ಸರದಿಯ ಕ್ರಮ ಬರೆದು ಮೇಜಿನ ಅಂಚಿಗೆ ಇಡ್ತೀನಿ. ಸತ್ತ ಗೊಂಬೆಗಳನ್ನು ಪೆಟ್ಟಿಗೆಗೆ ಹಾಕಲ್ಲ, ಆ ಕಾರ್ಡ್ ಮೇಲೇ ನಿಲ್ಲಿಸ್ತೀನಿ. ನೆಕ್ರಾನ್‌ಗೆ ಇದು ಹೇಳಿ ಮಾಡಿಸಿದ ಹಾಗಿದೆ. ಕಣ್ಣೆದುರೇ ಹೆಣ ಬಿದ್ದಿದ್ದರೆ ಎಬ್ಬಿಸೋದು ಮರೆಯಲ್ಲ.

ತಿಪಟೂರು_ಓವರ್‌ಲಾರ್ಡ್

@ಲೆಸ್ಟರ್_ಲಕ್ಷ್ಮಿ ಇದು ಚಿನ್ನದಂಥ ಮಾತು. ಬರೆದಿಟ್ಟುಕೊಂಡೆ.

ಉಳಿತಾಯ_ಉಮೇಶ

ಯಾರೂ ಖರ್ಚಿನ ಮಾತು ಎತ್ತಲ್ಲ ಅಂತ ಕಾಯ್ತಿದ್ದೆ. ಒಂದು ಕಾಂಬ್ಯಾಟ್ ಪೆಟ್ರೋಲ್ ಪೆಟ್ಟಿಗೆ (ಸೇನೆ ಶುರು ಮಾಡೋಕೆ ಕೊಳ್ಳುವ ಗೊಂಬೆ ಸೆಟ್) ಇಂಗ್ಲೆಂಡಿನಲ್ಲೇ ನೂರು ಪೌಂಡಿನ ಆಸುಪಾಸು. ಭಾರತಕ್ಕೆ ತರಿಸಿದರೆ ಸಾಗಣೆ, ಸುಂಕ ಸೇರಿ ಕಣ್ಣು ಕತ್ತಲೆ. 2000 ಪಾಯಿಂಟ್ ಸೇನೆಗೆ ಇಂಥ ಪೆಟ್ಟಿಗೆ ಮೂರು ನಾಲ್ಕು ಬೇಕು. ನಾನು ಮನೆಯಲ್ಲೇ ರೆಸಿನ್ 3ಡಿ ಪ್ರಿಂಟರ್ ಇಟ್ಟು ಗೊಂಬೆ ಅಚ್ಚು ಹಾಕ್ತೀನಿ. ಬೇಕಾದವರು ಬೈಯಿರಿ.

ತೆಳು_ಬಣ್ಣ

ಬೈಯಲ್ಲ, ಎಚ್ಚರಿಸ್ತೀನಿ. ವಾರ್‌ಹ್ಯಾಮರ್ ವರ್ಲ್ಡ್‌ನಲ್ಲಿ ಈ ಆಟದ ಕಂಪನಿ ಗೇಮ್ಸ್ ವರ್ಕ್‌ಶಾಪ್ ತಾನೇ ನಡೆಸುವ ಟೂರ್ನಮೆಂಟ್‌ಗೆ ಅಚ್ಚು ಹಾಕಿದ್ದು ನಡೆಯಲ್ಲ. ಬೇರೆಯವರು ನಡೆಸುವುದಕ್ಕೆ ಅವರವರ ನಿಯಮ, ಕೇಳಿಕೊಂಡು ಹೋಗಿ. ಮತ್ತೆ ರೆಸಿನ್ ಹೊಗೆ ಮನೆಯೊಳಗೆ ಒಳ್ಳೇದಲ್ಲ. ಕೈಗವಸು ಹಾಕಿ, ಕಿಟಕಿ ತೆಗೀರಿ.

ಉಳಿತಾಯ_ಉಮೇಶ

ಬೆಂಗಳೂರಲ್ಲಿ ನಾವು ಆಡೋದು ಗೆಳೆಯರ ಮನೆಯಲ್ಲಿ, ಇಲ್ಲ ಬೋರ್ಡ್ ಗೇಮ್ ಕೆಫೆಯಲ್ಲಿ. ಅಲ್ಲಿ ಯಾರು ಕೇಳ್ತಾರೆ ಸ್ವಾಮಿ, ಆಡುವವರು ಸಿಕ್ಕರೆ ಸಾಕು. ಪ್ಲಾಸ್ಟಿಕ್ ಲೋಟವನ್ನೇ ಟ್ಯಾಂಕ್ ಅಂತ ಇಟ್ಟು ಆಡಿದ್ದೇವೆ.

ಹಳೇ_ಕುದುರೆ

ಕಮ್ಮಿ ಖರ್ಚಿನಲ್ಲಿ ಆಡಬೇಕು ಅಂದ್ರೆ ಇತಿಹಾಸದ ಆಟಗಳಿಗೆ ಬನ್ನಿ. ಡಿಬಿಎ ಅಂತ ಒಂದಿದೆ, 1990ರಿಂದ ಇದೆ. ಒಂದು ಸೇನೆಗೆ ಹನ್ನೆರಡು ತುಂಡು ಸಾಕು. ಊಟದ ಮೇಜಿನ ಮೂಲೆಯಲ್ಲಿ ಒಂದು ಗಂಟೆಯಲ್ಲಿ ಆಟ ಮುಗೀತು. ಭಾರತದ ಹಳೇ ಸೇನೆಗಳ ಪಟ್ಟಿಯೂ ಇದೆ, ಆನೆ ಸಮೇತ.

ಜಡ್ಜ್ ಬಗ್ಗೆ ಜಗಳ ಆಡ್ತಿದ್ದೀರಲ್ಲ, ಅದೂ ಹೊಸದಲ್ಲ. ಪ್ರಶ್ಯದ ಸೇನೆಯಲ್ಲಿ ರೈಸ್ವಿಟ್ಜ್ ಅಪ್ಪ ಮಗ ಸೇರಿ ಯುದ್ಧದ ಆಟ ಕಟ್ಟಿದರು. ಅಪ್ಪ 1812ರಲ್ಲಿ ರಾಜನಿಗೆ ತೋರಿಸಿದ, ಮಗ 1824ರಲ್ಲಿ ನಿಯಮ ತಿದ್ದಿ ಅಚ್ಚು ಹಾಕಿಸಿದ. ಅದರಲ್ಲಿ ಆಟಗಾರರು ಆದೇಶ ಬರೆದುಕೊಡೋದು, ಮಧ್ಯಸ್ಥಗಾರ ಏನಾಯಿತು ಅಂತ ಹೇಳೋದು. ಅವನ ಮಾತೇ ಕೊನೆ.

ಆರ್ಕ್_ಅಣ್ಣ

ಆನೆ ಇದೆಯಾ? ಮೊದಲೇ ಹೇಳಬಾರದಾ ಯಜಮಾನ್ರೇ.

ಆನೆ ಅಂದ ಮೇಲೆ ದಸರಾ ನೆನಪಾಯಿತು. ಹೋದ ವರ್ಷ ಅಮ್ಮ ಮೈಸೂರಿನಿಂದ ಬಂದಿದ್ದರು. ನವರಾತ್ರಿಗೆ ಗೊಂಬೆ ಕೂರಿಸಿದರು. ಪಟ್ಟದ ಗೊಂಬೆ, ಶೆಟ್ಟಿ ಅಂಗಡಿ ಎಲ್ಲ ಆಯಿತು, ಕೆಳಗಿನ ಮೆಟ್ಟಿಲಿಗೆ ರಾಮಾಯಣದ ಸೆಟ್. ನಾನು ಆಫೀಸಿನಿಂದ ಬಂದು ನೋಡ್ತೀನಿ, ಕಪಿಸೇನೆ ಎದುರಿಗೆ ನನ್ನ ಮೂವತ್ತು ಆರ್ಕ್‌ಗಳು ಸಾಲಾಗಿ ನಿಂತಿವೆ. "ರಾವಣನ ಕಡೆ ಯಾರೂ ಇರಲಿಲ್ಲ ಕಣೋ, ಇವು ಸರಿಹೋದವು" ಅಂದರು. ಬೊಂಬೆ ನೋಡೋಕೆ ಬಂದ ಹೆಂಗಸರೆಲ್ಲ ಹೊಗಳಿ ಹೋದರು. ಜೀವನದಲ್ಲಿ ನನ್ನ ಬಣ್ಣಕ್ಕೆ ಸಿಕ್ಕ ಒಂದೇ ಬಹುಮಾನ ಅದು. ಸುಂಡಲ್.

ಚೌಕಾಬಾರ_ಚಂದ್ರಿ

😂😂 ನಮ್ಮಜ್ಜಿ ಚೌಕಾಬಾರದಲ್ಲಿ ಕವಡೆ ಕಾರ್ಪೆಟ್ ಮೇಲೆ ಓರೆಯಾಗಿ ನಿಂತರೆ "ಅದು ನಾಲ್ಕೇ" ಅಂತ ಎತ್ತಿಬಿಡೋರು. ಯಾವ ಜಡ್ಜೂ ನಡೀತಿರಲಿಲ್ಲ. ಒಂದು ಸಲ ನಮ್ಮ ಮಾವ ಎದ್ದು ಹೋದವರು ಊಟಕ್ಕೂ ಬರಲಿಲ್ಲ.

ಹುಬ್ಬಳ್ಳಿ_ಹುಡುಗ

ಅಜ್ಜಿಗಳ ಮುಂದೆ ಎಲ್ಲಾ ಸ್ಪೇಸ್ ಮರೀನ್ ಸುಮ್ಮನೆ.

ಸುಮ್ನೆ_ಓದುಗ

ಎರಡು ಸಾಲು ಕೇಳಿದ್ದೆ. ಈಗ ರಾತ್ರಿ ಹನ್ನೊಂದೂವರೆ, ಕಾಂಬ್ಯಾಟ್ ಪೆಟ್ರೋಲ್ ಬೆಲೆ ಹುಡುಕ್ತಾ ಕೂತಿದ್ದೀನಿ. ನಿಮಗೆಲ್ಲ ಒಳ್ಳೇದಾಗಲ್ಲ.

ತಿಪಟೂರು_ಓವರ್‌ಲಾರ್ಡ್

ಹತ್ತು ದಿನ ಆಯಿತು, ವರದಿ ಒಪ್ಪಿಸ್ತೀನಿ.

ಎರಡು 20ರ ಗುಂಪಿನಲ್ಲಿ ಒಂದನ್ನು ತೆಗೆದೆ. ಹೆಂಡತಿಗೆ ಫೋನಿನ ಗಡಿಯಾರ ಕೊಟ್ಟು ಎದುರು ಕೂರಿಸಿ ಒಬ್ಬನೇ ಎರಡು ಸುತ್ತು ಆಡಿದೆ. ಮೊದಲ ಸರದಿಗೆ 41 ನಿಮಿಷ. ಕುರಿ ತಳ್ಳುವ ವಿದ್ಯೆ ಬಂದ ಮೇಲೆ 24. ಆಕೆಗೆ ಈಗ ನನಗಿಂತ ಚೆನ್ನಾಗಿ ಕ್ರಮ ಗೊತ್ತು. ನಿನ್ನೆ ಅಡುಗೆಮನೆಯಿಂದಲೇ "ಹೆಣ ಎಬ್ಬಿಸಿದ್ರಾ?" ಅಂತ ಕೂಗಿದಳು.

ಮುಂದಿನ ತಿಂಗಳು ಅದೇ ಸಭಾಂಗಣದಲ್ಲಿ ಇನ್ನೊಂದಿದೆ, ಹೆಸರು ಕೊಟ್ಟಿದ್ದೀನಿ. ಪಟ್ಟಿ ನೋಡಿದೆ. ಆ ಸ್ಪೇಸ್ ಮರೀನ್ ಆಸಾಮಿಯೂ ಇದ್ದಾನೆ.

ಅಳತೆಪಟ್ಟಿ

ಎದುರಾದರೆ ಮೊದಲ ಮಾತೇ ಇದು: "ಮರೆತದ್ದಕ್ಕೆ ಇಬ್ಬರೂ ಎಲ್ಲಿವರೆಗೆ ಬಿಟ್ಟುಕೊಡೋಣ?" ಆಟಕ್ಕೆ ಮುಂಚೆ ಕೇಳಿದರೆ ಅದು ಒಪ್ಪಂದ, ನಾಲ್ಕನೇ ಸುತ್ತಿನಲ್ಲಿ ಕೇಳಿದರೆ ಭಿಕ್ಷೆ.

ಬಸವನಗುಡಿ_ಬಿಷಪ್

ಗೆದ್ದರೆ ತಿಳಿಸಿ. ಸೋತರೂ ತಿಳಿಸಿ. ನಾನು ಸುಮ್ನೆ ಕುತೂಹಲಕ್ಕೆ ಕೇಳ್ತಿದ್ದೀನಿ, ಆಡೋ ಯೋಚನೆ ಏನಿಲ್ಲ.

ದಾಳದ_ದಾಸ

ಏನಿಲ್ಲ ಅಂತೆ. 😏

ಲೆಸ್ಟರ್_ಲಕ್ಷ್ಮಿ

@ತಿಪಟೂರು_ಓವರ್‌ಲಾರ್ಡ್ ಡರ್ಬಿ ನನಗೇನು ದೂರ ಅಲ್ಲ. ಅದಕ್ಕೂ ಮುಂಚೆ ಒಂದು ಭಾನುವಾರ ಆಡೋಣ ಬನ್ನಿ, ಪೂರ್ತಿ ಐದು ಸುತ್ತು. ಗಡಿಯಾರ ನಾನು ತರ್ತೀನಿ. ಹೆಂಡತಿಯನ್ನೂ ಕರ್ಕೊಂಡು ಬನ್ನಿ, ಜಡ್ಜ್ ಬೇಕಲ್ಲ.

ತಿಪಟೂರು_ಓವರ್‌ಲಾರ್ಡ್

ಖಂಡಿತ ಬರ್ತೀವಿ ಮೇಡಂ. ಊರಿಂದ ಕೋಡುಬಳೆ ಬಂದಿದೆ, ತರ್ತೀನಿ.

ತೆಳು_ಬಣ್ಣ

ತಿಂದ ಕೈಯಲ್ಲಿ ಗೊಂಬೆ ಮುಟ್ಟಬೇಡಿ. ಇಬ್ಬರಿಗೂ ಹೇಳ್ತಿದ್ದೀನಿ. ಎಣ್ಣೆ ತಾಗಿದರೆ ಬಣ್ಣ ಹೋಗುತ್ತೆ.